ದಾರಿಯಲ್ಲಿ ಉಳಿದ ಮೂರು ಹೂಂ

ಮುದಗಲ್ಲ ಕೆಳಊರು, ಮೂರನೆಯ ಓಣಿ.
ಎರಡನೆಯ ನೆರಳುತಿಂಗಳ ಮೂವತ್ತಾರನೆಯ ದಿನ. ನಿಮ್ಮ ಎಣಿಕೆಯಲ್ಲಿ ಇಸವಿ ೨೩೧೧ ಇರಬೇಕು. ಒಂದೆರಡು ವರ್ಷ ಆಚೀಚೆ ಆಗಿದ್ದರೆ ಮನ್ನಿಸಬೇಕು.

ನಮ್ಮ ಮನೆತನದ ಹಿರಿಯರಾದ ನೀಲಗಂಗವ್ವ ಬಳಿಗಾರ ಅವರಿಗೆ, ಹನ್ನೊಂದನೆಯ ತಲೆಮಾರಿನ ಹಾಲವ್ವ ಮಾಡುವ ಶರಣಾರ್ಥಿ.

ಈ ಪತ್ರದ ಕನ್ನಡ ಓದುವಾಗ ಅಲ್ಲಲ್ಲಿ ಅನ್ನದಲ್ಲಿ ಕಲ್ಲು ಸಿಕ್ಕಂತೆ ಆದರೆ ಸಿಟ್ಟಾಗಬೇಡಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ನೋಟುಬುಕ್ಕಿನಿಂದ. ಅದರಲ್ಲಿ ಅರ್ಧ ಲೆಕ್ಕ, ಉಳಿದರ್ಧ ಕೆಲಸದ ಟಿಪ್ಪಣಿ, ನಡುವೆ ಒಂದು ಪುಟದಲ್ಲಿ ಹಬ್ಬದ ಸಿಹಿ ಮಾದಲಿ ಮಾಡುವ ವಿಧಾನ. ಅಷ್ಟರಿಂದ ಒಂದು ಕಾಲದ ಭಾಷೆ ಕಲಿಯುವುದೆಂದರೆ ಒಂದು ಕಂಬ ನೋಡಿ ಇಡೀ ಗುಡಿ ಕಟ್ಟಿದ ಹಾಗೆ. ಆದರೂ ನಾನು ಹಟಮಾರಿ. ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಇದು ನಿಮಗೆ ಬರುತ್ತಿರುವುದು ಹಿಂದೋಲೆಯಲ್ಲಿ. ಹಿಂದೋಲೆ ಎಂದರೆ ಕಳೆದ ಕಾಲಕ್ಕೆ ಕಳಿಸುವ ಕಾಗದ. ಹಿಂದಕ್ಕೆ ಹೋಗುವ ದಾರಿ ಇರುವೆಗೂ ಇಕ್ಕಟ್ಟಾಗುವಷ್ಟು ಕಿರಿದು. ಆದ್ದರಿಂದ ಒಂದು ಮನೆತನಕ್ಕೆ ಒಂದೇ ಪತ್ರ, ಅದೂ ಒಂದೇ ಸಲ. ಅದು ಹೇಳಿದ ದಿನಕ್ಕೇ ಮುಟ್ಟುತ್ತದೆ ಎಂಬ ಖಾತ್ರಿಯಿಲ್ಲ. ಹತ್ತು ವರ್ಷ ಮುಂಚೆಯೂ ಬಿದ್ದೀತು, ಹತ್ತು ವರ್ಷ ತಡವಾಗಿಯೂ ಬಿದ್ದೀತು. ಮರುತ್ತರ ಬರುವ ದಾರಿಯಂತೂ ಇಲ್ಲವೇ ಇಲ್ಲ. ಓಲೆಕಟ್ಟೆಯ ಗುಮಾಸ್ತ ನನ್ನ ಕಾಗದವನ್ನು ಅಳೆದು ನೋಡಿ ಹುಬ್ಬು ಗಂಟು ಹಾಕಿದ. "ಅವ್ವಾರ, ಇದರಾಗ ಅರ್ಧ ಕಡಿಮಿ ಮಾಡ್ರಿ. ತಿರುಳು ಉಳದ್ರ ಸಾಕಲ್ರೀ" ಎಂದ. "ತಿರುಳು ಹಣ್ಣಿಗೆ ಇರತೈತಿ ತಮ್ಮಾ, ಕಾಗದಕ್ಕ ಅಲ್ಲ" ಎಂದು ಹೇಳಿ ಹಾಗೆಯೇ ಒಪ್ಪಿಸಿ ಬಂದೆ. ಇದರ ಒಂದು ಪ್ರತಿ ನಮ್ಮ ಮನೆಯಲ್ಲೂ ಉಳಿಯುತ್ತದೆ. ನನ್ನ ಮೊಮ್ಮಗಳು ದಾನವ್ವ ದೊಡ್ಡವಳಾದ ಮೇಲೆ ಓದಲೆಂದು ನಿಮಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಬಿಡಿಸಿ ಹೇಳಿದ್ದೇನೆ. ಬೇಸರವಾದರೆ ಆ ಸಾಲುಗಳನ್ನು ಹಾರಿಸಿ.

ನಮ್ಮ ಬದುಕಿನ ಬಗ್ಗೆ ನಾಲ್ಕು ಮಾತು. ಮುದಗಲ್ಲಿನ ಕೋಟೆ ಇನ್ನೂ ಇದೆ. ನಾವು ಅದರ ಕೆಳಗಿದ್ದೇವೆ. ಬಿಸಿಲು ಹೆಚ್ಚಾದ ಕಾಲದಲ್ಲಿ ನಮ್ಮ ಹಿರಿಯರು ಬಂಡೆ ಕೊರೆದು ಓಣಿಗಳನ್ನು ಮಾಡಿಕೊಂಡು ಇಳಿದರು, ಅದೇ ಕೆಳಊರು. ಮೇಲಕ್ಕೆ ಹೋಗುವುದು ಹೊತ್ತು ಮೂಡುವ ಮುಂಚೆ, ಮತ್ತೆ ಹೊತ್ತು ಇಳಿದ ಮೇಲೆ. ನೆರಳುತಿಂಗಳು ಎಂದರೆ ಮೇಲೆ ಕೆಲಸಕ್ಕೆ ಹೋಗಬಾರದ ತಿಂಗಳು. ಅದಕ್ಕೆ ನಲವತ್ತು ದಿನ. ಜೋಳ ಮೇಲೆಯೇ ಬೆಳೆಯುತ್ತದೆ. ಹಗಲೆಲ್ಲ ಬಿಸಿಲು ಕುಡಿದ ಕಲ್ಲನ್ನು ಸಂಜೆ ಕೆಳಗೆ ಇಳಿಸಿಕೊಂಡು ಅದರ ಮೇಲೆ ರೊಟ್ಟಿ ಬೇಯಿಸುತ್ತೇವೆ. ಹಿಟ್ಟು ಬಡಿಯುವ ಸದ್ದು ಮೂರು ಓಣಿಗೆ ಕೇಳುತ್ತದೆ, ಯಾರ ಮನೆಯಲ್ಲಿ ಎಷ್ಟು ಮಂದಿಗೆ ಅಡಿಗೆ ಎಂದು ಅದರಿಂದಲೇ ಗೊತ್ತಾಗುತ್ತದೆ. ಶೇಂಗಾ ಚಟ್ನಿ, ಗುರೆಳ್ಳು, ಮೊಸರು, ಎಲ್ಲ ಇವೆ. ನೀವು ಬಂದರೆ ಊಟಕ್ಕೆ ತೊಂದರೆಯಾಗುವುದಿಲ್ಲ.

ತೊಂದರೆಯಾಗುವುದು ಮಾತಿಗೆ. ದೂರ ಇರುವವರೊಡನೆ ನಾವು ಮಾತಾಡುವುದು ನಿಮ್ಮ ಹಾಗಲ್ಲ. ನಾನು ಏನಾದರೂ ಹೇಳಿದರೆ ಯಂತ್ರ ಅದರ ಅರ್ಥವನ್ನಷ್ಟೇ ಹಿಂಡಿ ತೆಗೆಯುತ್ತದೆ. ಅದಕ್ಕೆ ತಿರುಳು ಎನ್ನುತ್ತಾರೆ. ಆ ತಿರುಳು ಆಚೆ ತುದಿಗೆ ಹೋಗುತ್ತದೆ. ಅಲ್ಲಿ ನನ್ನ ದನಿಯಚ್ಚು ಇರುತ್ತದೆ. ಹರೆಯದಲ್ಲಿ ಒಮ್ಮೆ ಎಲ್ಲರ ದನಿಯನ್ನೂ ಅಚ್ಚು ತೆಗೆದು ಇಟ್ಟಿರುತ್ತಾರೆ. ತಿರುಳನ್ನು ಆ ಅಚ್ಚಿಗೆ ಹುಯ್ದರೆ ನಾನು ಮಾತಾಡಿದಂತೆಯೇ ಕೇಳುತ್ತದೆ. ನೆಗಡಿಯಿಲ್ಲ, ಕೆಮ್ಮಿಲ್ಲ, ಹಿಂದೆ ಪಾತ್ರೆ ಬಿದ್ದ ಸದ್ದಿಲ್ಲ. ಕೇಳುವುದಕ್ಕೆ ಬಲು ಸೊಗಸು. ನನ್ನ ತಾಯಿ ಬೀದರ ಕಡೆಯ ಕೆಳಊರಿನಲ್ಲಿದ್ದಳು. ಎಂಟು ದಿನಕ್ಕೊಮ್ಮೆ ಮಾತಾಡುತ್ತಿದ್ದೆವು. "ಆರಾಮ ಅದೀನವ್ವಾ" ಎನ್ನುತ್ತಿದ್ದಳು, ಇಪ್ಪತ್ತೈದು ವರ್ಷದ ಹುಡುಗಿಯ ದನಿಯಲ್ಲಿ, ಗಂಟೆಯಂಥ ದನಿಯಲ್ಲಿ. ಆರು ತಿಂಗಳು ಹಾಸಿಗೆ ಹಿಡಿದಿದ್ದಳೆಂದು, ಮಾತಾಡುವಾಗ ಏದುಸಿರು ಬಿಡುತ್ತಿದ್ದಳೆಂದು ನನಗೆ ಗೊತ್ತಾದದ್ದು ಅವಳು ಹೋದ ಮೇಲೆ. ಅವಳ ಏದುಸಿರು ತಿರುಳಲ್ಲವಲ್ಲ, ಯಂತ್ರ ಅದನ್ನು ಕಳಿಸಿರಲಿಲ್ಲ. ಇವತ್ತಿಗೂ ಆ ಅಚ್ಚನ್ನು ನಾನು ಮುಟ್ಟುವುದಿಲ್ಲ.

ಆಮೇಲೆ ನಾನು ದನಿಗಿತ್ತಿಯಾದೆ. ಸೂಲಗಿತ್ತಿ ಹೊಟ್ಟೆಯಿಂದ ಕೂಸನ್ನು ಹೊರಗೆ ತರುವ ಹಾಗೆ ಹಳೆಯ ಯಂತ್ರಗಳಲ್ಲಿ ಸಿಕ್ಕಿಕೊಂಡ ದನಿಗಳನ್ನು ಹೊರಗೆ ತರುವ ಕಸುಬು. ಜನ ತಮ್ಮ ಹಿರಿಯರ ಮುರುಕು ಪೆಟ್ಟಿಗೆಗಳನ್ನು ತರುತ್ತಾರೆ. ಕೆಲವುಗಳಲ್ಲಿ ಬರೀ ಬೂದಿ. ಕೆಲವುಗಳಲ್ಲಿ ಮೂರು ಶಬ್ದ, ಒಂದು ನಗು. ಅಂಥ ನಗುವಿಗೆ ಮನೆಮಂದಿಯೆಲ್ಲ ಸುತ್ತ ಕೂತು ಅಳುತ್ತಾರೆ. ನಿಮ್ಮ ಕಾಲದ ದನಿಗಳಿಗೆ ಎಂಥ ದೋಷಗಳು! ಕಿಟಕಿಯ ಗಾಳಿ, ಸೈಕಲ್ ಗಂಟೆ, ಹಿಂದಿನಿಂದ ಯಾರೋ "ಯಾರದಾ ಫೋನು?" ಎಂದು ಕೂಗುವುದು. ಆ ಕಾಲದಲ್ಲಿ ಹುಟ್ಟಬೇಕಿತ್ತು ಎಂದು ನನಗೆ ದಿನಕ್ಕೆ ಹತ್ತು ಸಲ ಅನಿಸುತ್ತದೆ. ಸೊಳ್ಳೆ ಇದ್ದವಂತೆ, ಇರಲಿ.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಹುಡುಗಿಗೆ ಏಳು ವರ್ಷ ತುಂಬಿದಾಗ ಮೊದಲ ಬಳೆ ತೊಡಿಸುತ್ತೇವೆ, ತೊಡಿಸುತ್ತ ಒಂದು ಕಥೆ ಹೇಳುತ್ತೇವೆ. ಕೋಟೆಯ ಗೋಡೆಯಲ್ಲಿ ಒಂದು ಕಿಂಡಿ. ವರ್ಷಕ್ಕೊಮ್ಮೆ ಆ ಕಿಂಡಿಯಿಂದ ಒಂದು ಹೆಣ್ಣುಕೈ ಹೊರಗೆ ಬರುತ್ತದೆ. ಒಬ್ಬ ಬಳೆಗಾರ್ತಿ ಆ ಕೈಗೆ ಹಸಿರು ಬಳೆ ತೊಡಿಸಿ ಹೋಗುತ್ತಾಳೆ. ಮುಖ ಕಂಡಿಲ್ಲ, ದನಿ ಕೇಳಿಲ್ಲ. ಎಳೆಯ ಕೈ ಹರೆಯದ ಕೈಯಾಗುತ್ತದೆ, ಆಮೇಲೆ ನರ ಎದ್ದ ಮುದಿ ಕೈಯಾಗುತ್ತದೆ. ಒಂದು ವರ್ಷ ಬಳೆ ತೊಡಿಸಿದ ಮೇಲೆ ಆ ಕೈ ಬಳೆಗಾರ್ತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡು ಏನೋ ಹೇಳುತ್ತದೆ. ಅಲ್ಲಿಗೆ ಕಥೆ ನಿಲ್ಲುತ್ತದೆ. ಕೂತವರೆಲ್ಲ ಒಟ್ಟಿಗೆ ಒಮ್ಮೆ "ಹೂಂ" ಎನ್ನುತ್ತಾರೆ, ಹುಡುಗಿಗೆ ಬೆಲ್ಲ ಕೊಟ್ಟು ಎಬ್ಬಿಸುತ್ತಾರೆ. ಕೈ ಏನು ಹೇಳಿತು ಎಂದು ಎಲ್ಲ ಹುಡುಗಿಯರೂ ಕೇಳಿದ್ದಾರೆ. ನಾನೂ ಕೇಳಿದ್ದೆ. "ನೀಲಗಂಗವ್ವ ಹೂಂ ಅನ್ನಲಿಲ್ಲ, ಅದಕ್ಕ ಯಾರಿಗೂ ಗೊತ್ತಿಲ್ಲ" ಎಂಬುದೇ ಉತ್ತರ. ನಿಮ್ಮ ಹೆಸರು ನಮ್ಮ ಮನೆಯಲ್ಲಿ ಮುನ್ನೂರು ವರ್ಷದಿಂದ ಹೀಗೆ ಉಳಿದಿದೆ. ನಾನು ಈ ಕಾಗದ ಬರೆಯುತ್ತಿರುವುದು ಅದಕ್ಕಾಗಿ.

ನಿಮ್ಮ ಕಸುಬಿನ ಬಗ್ಗೆ ನಿಮಗೇ ಹೇಳುವುದು ಮೀನಿಗೆ ಈಜು ಕಲಿಸಿದಂತೆ. ದಾನವ್ವನಿಗಾಗಿ ಹೇಳುತ್ತೇನೆ. ನೀವು ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದಿರಿ. ದನಿಯನ್ನು ತುಂಡುತುಂಡು ಮಾಡಿ, ಪ್ಯಾಕೆಟ್ ಕಟ್ಟಿ, ಇಂಟರ್‌ನೆಟ್ಟಿನಲ್ಲಿ ಕಳಿಸುವ ಪೆಟ್ಟಿಗೆ ಮಾಡುತ್ತಿದ್ದಿರಿ. ಅದರೊಳಗೆ ಬೆರಳಿನ ಉಗುರಿನಷ್ಟು ಅಗಲದ, ದನಿಯ ಲೆಕ್ಕ ಹಾಕುವ ಒಂದು ಡಿಎಸ್‌ಪಿ ಚಿಪ್ಪು. ಟೆಲಿಫೋನಿನ ದನಿಯನ್ನು ಸೆಕೆಂಡಿಗೆ ಎಂಟು ಸಾವಿರ ಸಲ ಅಳೆದು ಹಾಗೆಯೇ ಕಳಿಸಿದರೆ ಅರವತ್ತನಾಲ್ಕು ಸಾವಿರ ಬಿಟ್ಟುಗಳಾಗುತ್ತಿದ್ದವು. ನಿಮ್ಮ ಚಿಪ್ಪು ಅದನ್ನು ಎಂಟು ಸಾವಿರಕ್ಕೆ ಇಳಿಸುತ್ತಿತ್ತು. ಹೇಗೆಂದರೆ, ಅದು ದನಿಯನ್ನು ಕಳಿಸುತ್ತಲೇ ಇರಲಿಲ್ಲ. ಸೆಕೆಂಡಿನ ನೂರರಲ್ಲಿ ಒಂದು ಪಾಲಿನಷ್ಟು ದನಿ ತೆಗೆದುಕೊಂಡು, ಆ ಹೊತ್ತಿನಲ್ಲಿ ಗಂಟಲು ಹೇಗೆ ನಡುಗಿತ್ತು, ಬಾಯಿ ಎಷ್ಟು ತೆರೆದಿತ್ತು ಎಂದು ಲೆಕ್ಕ ಹಾಕಿ ಆ ಲೆಕ್ಕವನ್ನು ಮಾತ್ರ ಕಳಿಸುತ್ತಿತ್ತು. ರೊಟ್ಟಿ ಕಳಿಸುವ ಬದಲು ಹಿಟ್ಟೆಷ್ಟು, ನೀರೆಷ್ಟು ಎಂದು ಬರೆದು ಕಳಿಸಿದ ಹಾಗೆ. ಆಚೆ ತುದಿಯ ಚಿಪ್ಪು ಆ ಲೆಕ್ಕ ನೋಡಿ ದನಿಯನ್ನು ಹೊಸದಾಗಿ ಬೇಯಿಸುತ್ತಿತ್ತು. ಇಷ್ಟೆಲ್ಲವನ್ನು ದಶಮಾಂಶ ಗೊತ್ತಿಲ್ಲದ, ಬರೀ ಪೂರ್ಣಾಂಕ ಬಲ್ಲ ಚಿಪ್ಪಿನಲ್ಲಿ ಮಾಡಿಸಿದಿರಿ. ನಿಮ್ಮ ಕಾಕಾನ ದನಿಯಿಂದ ಪರೀಕ್ಷೆ ಮಾಡಿದ ಒಂದು ದಿನ ನೋಟುಬುಕ್ಕಿನಲ್ಲಿ ಬರೆದಿದ್ದೀರಿ: "ಇವತ್ತೂ ಲೆಕ್ಕ ಉಕ್ಕಿ ಹೋಯಿತು. ಕಾಕಾನ ದನಿ ಕಪ್ಪೆ ದನಿಯಾಗಿ ಬಂತು. ಇಕ್ಬಾಲ್ ನಕ್ಕೂ ನಕ್ಕೂ ಚಹಾ ಚೆಲ್ಲಿಕೊಂಡ." ಇಕ್ಬಾಲ್ ನಿಮ್ಮ ಜೊತೆ ಕೆಲಸ ಮಾಡುತ್ತಿದ್ದವನು. ಆ ಸಾಲು ಓದಿದಾಗಲೆಲ್ಲ ನನಗೂ ನಗು ಬರುತ್ತದೆ, ಮುನ್ನೂರು ವರ್ಷ ಹಳೆಯ ನಗೆಯಾದರೂ.

ಇನ್ನೊಂದು ಕೆಲಸವನ್ನೂ ಆ ಚಿಪ್ಪು ಮಾಡುತ್ತಿತ್ತು. ಇಬ್ಬರು ಮಾತಾಡುವಾಗ ಒಬ್ಬರು ಸುಮ್ಮನಿರುತ್ತಾರಲ್ಲ, ಆ ಸುಮ್ಮನಿದ್ದ ಹೊತ್ತನ್ನು ಕಳಿಸುವುದು ದಂಡ ಎಂದು ನಿಮ್ಮ ಕಾಲದವರು ಎಣಿಸಿದರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಿದ್ದ ಜನವೇ ಬಂಗಾರವನ್ನು ಗುಡಿಸಿ ಹೊರಗೆ ಚೆಲ್ಲಿದಿರಿ! ಚಿಪ್ಪಿನೊಳಗೆ ಒಬ್ಬ ಕಾವಲುಗಾರನನ್ನು ಕೂರಿಸಿದಿರಿ. ಬಂದ ಸದ್ದು ಮಾತೋ ಬರೀ ಗದ್ದಲವೋ ಎಂದು ಅವನು ನೋಡಬೇಕು. ಮಾತಾದರೆ ಬಿಡಬೇಕು, ಗದ್ದಲವಾದರೆ ತಡೆಯಬೇಕು. ಪೂರ್ತಿ ನಿಶ್ಶಬ್ದವಾದರೆ ಆಚೆಯವರು ಲೈನು ಸತ್ತಿತೆಂದು ಗಾಬರಿಯಾಗುತ್ತಾರೆಂದು ಆಚೆ ತುದಿಯ ಚಿಪ್ಪು ತಾನೇ ಸಣ್ಣಗೆ ಸುಯ್ ಎಂಬ ಸದ್ದು ಹುಟ್ಟಿಸುತ್ತಿತ್ತು. ನೀವು ಅದಕ್ಕೆ ನೋಟುಬುಕ್ಕಿನಲ್ಲಿ ಸುಳ್ಳುಗಾಳಿ ಎಂದು ಹೆಸರಿಟ್ಟಿದ್ದೀರಿ. ಆ ಹೆಸರು ನೋಡಿಯೇ ನನಗೆ ನಿಮ್ಮ ಮೇಲೆ ಪ್ರೀತಿ ಹುಟ್ಟಿದ್ದು.

೨೦೦೪ರ ಮಾರ್ಚ್ ಹದಿನೆಂಟು, ಗುರುವಾರ, ಮಧ್ಯಾಹ್ನ. ಒಂದು ಪೆಟ್ಟಿಗೆ ಹುಬ್ಬಳ್ಳಿಯಲ್ಲಿ ನಿಮ್ಮ ಮೇಜಿನ ಮೇಲೆ. ಇನ್ನೊಂದು ಇಲ್ಲಿ ಮುದಗಲ್ಲಿನಲ್ಲಿ, ನಿಮ್ಮ ಬಸಲಿಂಗ ಕಾಕಾನ ಜೆರಾಕ್ಸ್ ಅಂಗಡಿಯ ಡಯಲಪ್ಪಿಗೆ ಕಟ್ಟಿದ್ದು. ಪರೀಕ್ಷೆಗೆ ಪುಸ್ತಕದ ವಾಕ್ಯ ಓದಿಸಿ ಸಾಕಾಗಿ, "ಆಯೀನ್ನ ಕೂಡಿಸು ಕಾಕಾ, ಆಕಿ ಕಥಿ ಹೇಳಲಿ" ಎಂದಿರಿ. ನಿಮ್ಮ ಆಯಿ, ಎಂದರೆ ಅಜ್ಜಿ, ಗುರುಬಸವ್ವ, ಎಪ್ಪತ್ತೆಂಟು ವರ್ಷ. ಐವತ್ತು ವರ್ಷ ಹಳ್ಳಿಹಳ್ಳಿ ತಿರುಗಿ ಬಳೆ ತೊಡಿಸಿದವಳು. ಆಕೆಯ ಕಸುಬಿನಲ್ಲಿ ಒಂದು ನಿಯಮವಿತ್ತು. ಸಣ್ಣ ಹುಡುಗಿಯರು ಬಳೆ ಏರುವಾಗ ನೋವಿಗೆ ಹೆದರಿ ಕೈ ಬಿಗಿ ಹಿಡಿಯುತ್ತಾರೆ. ಬಿಗಿದ ಕೈಯಲ್ಲಿ ಗಾಜು ಒಡೆಯುತ್ತದೆ. ಅದಕ್ಕೆ ಕಥೆ ಹೇಳುವುದು. ಹುಡುಗಿ ಹೂಂ, ಹೂಂ ಎನ್ನುತ್ತಿದ್ದರೆ ಮನಸ್ಸು ಕಥೆಯಲ್ಲಿದೆ, ಕೈ ಸಡಿಲವಾಗಿದೆ ಎಂದು ಅರ್ಥ, ಬಳೆ ಜಾರಿಸಬಹುದು. ಹೂಂ ನಿಂತಿತೋ, ಆಯಿಯೂ ನಿಲ್ಲುತ್ತಿದ್ದಳು. ಹೂಂ ಇಲ್ಲದೆ ಒಂದು ಮಾತು ಮುಂದೆ ಹೇಳಿದವಳಲ್ಲ. ಫೋನಿನಲ್ಲೂ ಹಾಗೆಯೇ ಕಥೆ ಶುರುಮಾಡಿದಳು. ಆಕೆಯ ಬಳೆಗಳ ಸದ್ದು ಚಿಪ್ಪಿನಿಂದ ಹೊರಬರುವಾಗ ಎಸರು ಕುದಿದಂತೆ ಕೇಳುತ್ತದೆ, ಚಿಪ್ಪಿಗೆ ಗಂಟಲು ಗೊತ್ತು, ಗಾಜು ಗೊತ್ತಿಲ್ಲ. ಆದರೆ ಆಕೆಯ ಮಾತು ಚೆನ್ನಾಗಿದೆ.

ಮುದಗಲ್ಲಿನ ಪೆಟ್ಟಿಗೆ ಹಿಡಿದಿಟ್ಟುಕೊಂಡದ್ದನ್ನು ನೀವು ಆಮೇಲೆ ಕೇಳಿದಿರಿ, ನಾನೂ ಕೇಳಿದ್ದೇನೆ. ಆಯಿ ಹೇಳುತ್ತಾಳೆ, "ಬಳಿ ಇಟ್ಟಾದ ಮ್ಯಾಲ ಆ ಕೈ ಇಕೀ ಕೈನ ಗಟ್ಟೆಂಗ ಹಿಡಕೊಂತವ್ವಾ. ಹಿಡಕೊಂಡು ಏನಂತು ಗೊತ್ತೈತೇನು?" ಆಮೇಲೆ ಸುಳ್ಳುಗಾಳಿ. "ಕೇಳಾಕತ್ತೀಯಿಲ್ಲೊ?" ಸುಳ್ಳುಗಾಳಿ. "ನೀಲವ್ವಾ, ಅದೀಯೇನು?" ಮತ್ತೆ ಸುಳ್ಳುಗಾಳಿ. ಕೊನೆಗೆ, "ಇರ್ಲಿ ಬಿಡು, ಕೆಲಸದಾಗ ಇರಬೇಕು ಕೂಸು. ಆಮ್ಯಾಲ ಹೇಳ್ತೀನಿ" ಎಂದು ಇಟ್ಟುಬಿಡುತ್ತಾಳೆ. ಆ ಹಾಳು ಸುಳ್ಳುಗಾಳಿ ಇಲ್ಲದಿದ್ದರೆ ಲೈನು ಕಡಿದಿದೆ ಎಂದುಕೊಂಡು ಮತ್ತೆ ಹಚ್ಚಲು ಹೇಳುತ್ತಿದ್ದಳು. ಲೈನು ಬದುಕಿದೆ ಎಂದು ಅದು ಸಾರುತ್ತಿತ್ತು. ಹಾಗಾಗಿ ಮೊಮ್ಮಗಳ ಮನಸ್ಸು ಕಥೆಯಲ್ಲಿಲ್ಲ ಎಂದೇ ಆಕೆ ತಿಳಿದಳು. ಒಂಬತ್ತು ದಿನಕ್ಕೆ ಆಯಿ ತೀರಿಕೊಂಡಳು. ಮಣ್ಣಿಗೆ ಬಂದ ನಿಮಗೆ ಬಸಲಿಂಗ ಕಾಕಾ, ಬೈಯಬೇಕೆಂದು ಅಲ್ಲ, ದುಃಖದಲ್ಲಿ ಹೇಳಿದನಂತೆ, "ನೀ ಕೇಳಾಕತ್ತಿರಲಿಲ್ಲಂತ ಆಯಿ ಅಂತಿದ್ಳವ್ವಾ."

ನಿಮ್ಮ ನೋಟುಬುಕ್ಕಿನ ಕೊನೆಯ ಸಾಲು: "ಆಯಿ ಮೂರು ಸಲ ಕರೆದಳು. ನಾನು ಮೀಟರ್ ನೋಡುತ್ತ ಕೂತಿದ್ದೆ. ಹೂಂ ಅನ್ನಲಿಲ್ಲ." ಅದರ ಮುಂದಿನ ಪುಟಗಳೆಲ್ಲ ಖಾಲಿ. ಆಮೇಲೆ ನೀವು ನಲವತ್ತು ವರ್ಷ ಬಾಳಿದಿರಿ, ಯಾರು ಏನು ಹೇಳಿದರೂ, ಹಾಲಿನವನು ನಾಳೆ ಬರುವುದಿಲ್ಲ ಎಂದರೂ, ಜೋರಾಗಿ "ಹೂಂ, ಹೂಂ" ಎನ್ನುತ್ತಿದ್ದಿರಂತೆ. ಮಕ್ಕಳು ನಿಮ್ಮನ್ನು ಅಣಕಿಸುತ್ತಿದ್ದರಂತೆ. ಇದು ನಿಮಗೆ ಇನ್ನೂ ಆಗದ ಸಂಗತಿಯಾಗಿದ್ದರೆ ಮುಂಚಿತವಾಗಿ ಹೇಳಿದ್ದಕ್ಕೆ ಕ್ಷಮೆ ಇರಲಿ.

ಈಗ ಕೇಳಿ. ಹೋದ ಸುಗ್ಗಿಯಲ್ಲಿ ನಮ್ಮ ಅಟ್ಟದ ಟ್ರಂಕು ತೆರೆದೆ. ಹುಬ್ಬಳ್ಳಿಯ ಪೆಟ್ಟಿಗೆ ಹಸಿರು ಬಳೆಗಳ ನಡುವೆ, ನಿಮ್ಮ ಇಳಕಲ್ ಸೀರೆಯಲ್ಲಿ ಸುತ್ತಿ ಇತ್ತು. ನೀವು ಅದನ್ನು ಮತ್ತೆ ಎಂದೂ ತೆರೆಯಲಿಲ್ಲ, ಅದರಲ್ಲಿ ಏನೂ ಉಳಿದಿಲ್ಲ ಎಂದು ನಂಬಿದ್ದಿರಿ. ಇದ್ದಷ್ಟು ಜಾಗವನ್ನೆಲ್ಲ ನಿಮ್ಮ ಕ್ರಮವಿಧಿಗೇ ಕೊಟ್ಟಿದ್ದಿರಿ, ದನಿ ಹಿಡಿದಿಡಲು ಅದರಲ್ಲಿ ಸ್ಥಳವಿರಲಿಲ್ಲ. ಆದರೆ ನಿಮ್ಮ ಪಕ್ಕದ ಮೇಜಿನ ಇಕ್ಬಾಲ್ ನದಾಫ್ ಎಂಥ ಕಿಲಾಡಿ ಎಂದು ನಿಮಗೆ ಪೂರ್ತಿ ಗೊತ್ತಿರಲಿಲ್ಲ. ದೋಷ ಹುಡುಕುವುದಕ್ಕೆ ಬೇಕಾದೀತೆಂದು ಆತ, ಪೆಟ್ಟಿಗೆ ಆರಿಸಿದರೂ ಅಳಿಯದ ಒಂದು ಮೂಲೆ ಕದ್ದಿಟ್ಟಿದ್ದ. ಚಿಪ್ಪು ಮುಟ್ಟುವ ಮುಂಚಿನ ಹಸಿ ದನಿ, ಕಡೆಯ ನಾಲ್ಕು ನಿಮಿಷದ್ದು, ಸದಾ ಅಲ್ಲಿ ಬಂದು ಬೀಳುತ್ತಿತ್ತು. ಜಾಗ ತಿನ್ನುತ್ತಾನೆಂದು ನೀವು ಬೈಯುತ್ತೀರಿ ಎಂದು ಹೇಳಿರಲಿಲ್ಲ. ಅವತ್ತು ಫೋನು ಇಟ್ಟ ಮೇಲೆ ನೀವು ಪೆಟ್ಟಿಗೆ ಆರಿಸಿದಿರಿ. ಆ ನಾಲ್ಕು ನಿಮಿಷ ಹಾಗೆಯೇ ಕೂತುಬಿಟ್ಟಿತು. ಅದನ್ನು ಬಿಡಿಸಿ ತರಲು ನನಗೆ ಮೊದಲ ನೆರಳುತಿಂಗಳು ಪೂರ್ತಿ ಹಿಡಿಯಿತು.

ಅದರಲ್ಲಿ ನೀವು ಇದ್ದೀರಿ, ನೀಲಗಂಗವ್ವ. ನಿಮ್ಮ ಉಸಿರಾಟ ಇದೆ. ಕುರ್ಚಿ ಕಿರುಗುಟ್ಟುವುದಿದೆ. ಇಕ್ಬಾಲ್ ದೂರದಿಂದ "ಊಟಕ್ಕ ಬರ್ತೀರೇನ್ರಿ ಮೇಡಂ?" ಎಂದು ಕೇಳುವುದಿದೆ, ನೀವು ಉತ್ತರ ಕೊಡದಿರುವುದೂ ಇದೆ. ಏಕೆಂದರೆ ನೀವು ಕಥೆ ಕೇಳುತ್ತಿದ್ದಿರಿ. ನಾಲ್ಕು ನಿಮಿಷದಲ್ಲಿ ಇಪ್ಪತ್ತೊಂದು ಸಲ ಹೂಂ ಎಂದಿದ್ದೀರಿ. ನಾನು ಎಣಿಸಿದ್ದೇನೆ, ಮೂರು ಸಲ ಎಣಿಸಿದ್ದೇನೆ. ಮುದಗಲ್ಲಿನ ಪೆಟ್ಟಿಗೆಯೊಡನೆ ಕೂಡಿಸಿ ಕೇಳಿದರೆ, ಮೊದಲ ಹದಿನೆಂಟು ಅಲ್ಲಿಗೆ ಮುಟ್ಟಿವೆ. ಹದಿನೆಂಟರ ನಂತರ ಹುಬ್ಬಳ್ಳಿಯಲ್ಲಿ ನಿಮ್ಮ ಪಕ್ಕದ ಕಟ್ಟಡದ ಕರೆಂಟು ಹೋಗಿದೆ, ಜನರೇಟರ್ ಶುರುವಾಗಿದೆ. ಅದರ ಗುಂಯ್ ಎಂಬ ಸದ್ದು ಬಂದದ್ದೇ ತಡ ಚಿಪ್ಪಿನ ಕಾವಲುಗಾರ ತನ್ನ ಹೊಸ್ತಿಲನ್ನು ಎತ್ತರಿಸಿದ್ದಾನೆ. ಹೂಂ ಎಂಬುದು ಬಾಯಿ ಮುಚ್ಚಿ, ಮೂಗಿನಲ್ಲಿ, ಮೆಲ್ಲಗೆ ಅನ್ನುವಂಥದ್ದು. ಅವನಿಗೆ ಅದೂ ಜನರೇಟರಿನ ಗುಂಯ್ ಆಗಿ ಕೇಳಿದೆ. "ಏನಂತು ಗೊತ್ತೈತೇನು?" ಎಂದಾಗ ನೀವು ಹೂಂ ಎಂದಿರಿ. "ಕೇಳಾಕತ್ತೀಯಿಲ್ಲೊ?" ಎಂದಾಗ ಹೂಂ ಎಂದಿರಿ. "ಅದೀಯೇನು?" ಎಂದಾಗಲೂ ಹೂಂ ಎಂದಿರಿ, ಈ ಸಲ ಉದ್ದಕ್ಕೆ, ಸಣ್ಣ ಹುಡುಗಿಯ ಹಾಗೆ. ಮೂರನ್ನೂ ಅವನು ಬಾಗಿಲಲ್ಲೇ ತಡೆದ. ನೀವು ಬಾಯಿ ತೆರೆಯುವಷ್ಟರಲ್ಲಿ ಆಯಿ ಫೋನು ಇಟ್ಟಾಗಿತ್ತು. ಹೂಂ ಅಂದವರಿಗೆ ತಾವು ಹೂಂ ಅಂದದ್ದು ನೆನಪಿರುವುದಿಲ್ಲ. ಅದಕ್ಕೇ ನಿಮ್ಮ ನೆನಪಿಗಿಂತ ಮುದಗಲ್ಲಿನ ಪೆಟ್ಟಿಗೆಯನ್ನು ನೀವು ಹೆಚ್ಚು ನಂಬಿದಿರಿ. ನಿಮ್ಮ ಕಸುಬಿನವರಿಗೆ ಅಲ್ಲದೆ ಇನ್ನಾರಿಗೂ ಈ ತಪ್ಪು ಆಗುತ್ತಿರಲಿಲ್ಲ.

ಸತ್ಯ ಹೇಳುವುದಾದರೆ ಪೂರ್ತಿ ಹೇಳಬೇಕು. ಆ ಕಾವಲುಗಾರನಿಗೆ ಪಾಠ ಹೇಳಿದವರು ನೀವೇ. ಅವನಿಗೆ ಮಾತು ಯಾವುದೆಂದು ಕಲಿಸಲು ನೀವು ಬಳಸಿದ ವಾಕ್ಯಗಳ ಪಟ್ಟಿ ನೋಟುಬುಕ್ಕಿನಲ್ಲಿದೆ. ಅದರಲ್ಲಿ ಎಲ್ಲರೂ ಮಾತಾಡುತ್ತಾರೆ, ಯಾರೂ ಕೇಳುವುದಿಲ್ಲ. ಬಳೆಗಾರ್ತಿಯ ಮೊಮ್ಮಗಳಾಗಿ ನಿಮಗೂ ಅದು ಹೊಳೆಯಲಿಲ್ಲ. ಆದರೆ ಇದನ್ನು ನಾನು ದೂರೆಂದು ಹೇಳುತ್ತಿಲ್ಲ. ನಿಮ್ಮ ನಂತರ ಬಂದವರು ಮುನ್ನೂರು ವರ್ಷ ಅದೇ ತಪ್ಪನ್ನು ಬೆಳೆಸಿದರು, ಕೊನೆಗೆ ತಿರುಳು ಮಾತ್ರ ಉಳಿಯಿತು, ನನ್ನ ತಾಯಿಯ ಏದುಸಿರು ಹೋಯಿತು. ನೀವಾದರೋ ನಿಮ್ಮ ಆಯಿ ಎಸ್‌ಟಿಡಿ ಬೂತು, ಟ್ರಂಕ್ ಕಾಲು ಏನೂ ಇಲ್ಲದೆ ಮನೆಯ ಮುಂದಿನ ಅಂಗಡಿಯಲ್ಲಿ ಕೂತು ಮೊಮ್ಮಗಳ ಸಂಗಡ ಮಾತಾಡಲೆಂದು ಕಣ್ಣು ನೋಯಿಸಿಕೊಂಡು ಲೆಕ್ಕ ಹಾಕಿದಿರಿ. ಆ ಲೆಕ್ಕದ ಫಲವಾಗಿಯೇ ಗುರುಬಸವ್ವನ ದನಿ ಇವತ್ತು ನಮ್ಮ ಓಣಿಯಲ್ಲಿದೆ. ಹದಿನೆಂಟು ಹೂಂಗಳನ್ನು ಮುಟ್ಟಿಸಿದ್ದೂ ಅದೇ ಚಿಪ್ಪು.

ಇನ್ನು ನನ್ನ ಬೇಡಿಕೆ. ಈ ಕಾಗದ ಆ ಗುರುವಾರಕ್ಕಿಂತ ಮುಂಚೆ ಮುಟ್ಟಿದರೆ, ಆಯಿ "ಏನಂತು ಗೊತ್ತೈತೇನು?" ಎಂದು ನಿಂತ ಕೂಡಲೇ ಮೀಟರಿನಿಂದ ಕಣ್ಣು ತೆಗೆದು ಬಾಯಿಬಿಟ್ಟು ಹೇಳಿ: "ಅದೀನಿ ಆಯಿ, ಮುಂದ ಹೇಳು." ಬಾಯಿ ತೆರೆದು ಆಡಿದ ಮಾತನ್ನು ಕಾವಲುಗಾರ ತಡೆಯಲಾರ. ಇದನ್ನು ಬರೆಯಬೇಕೋ ಬೇಡವೋ ಎಂದು ನಾನು ಒಂದು ತಿಂಗಳು ಹೊಯ್ದಾಡಿದೆ. ಆಯಿ ಕಥೆ ಮುಗಿಸಿಬಿಟ್ಟರೆ ನಮ್ಮ ಮನೆಯ ಪದ್ಧತಿಯೇ ಹುಟ್ಟುವುದಿಲ್ಲ. ಮುಗಿದ ಕಥೆಯನ್ನು ಯಾರು ಹನ್ನೊಂದು ತಲೆಮಾರು ಎದೆಗೆ ಕಟ್ಟಿಕೊಂಡು ತಿರುಗುತ್ತಾರೆ? ಎಲ್ಲರೂ ಕೂಡಿ ಹೂಂ ಎನ್ನುವ ಆ ಗಳಿಗೆ ನನಗೆ ಬಹಳ ಇಷ್ಟ. ಅದು ಹೋದರೆ ನನ್ನ ಬಾಲ್ಯದ ಅರ್ಧ ಹೋಗುತ್ತದೆ. ಹೋಗಲಿ. ನೀವು ನಲವತ್ತು ವರ್ಷ ಹಾಲಿನವನಿಗೂ ಜೋರಾಗಿ ಹೂಂಗುಟ್ಟುವುದನ್ನು ನೆನೆದರೆ ನನಗೆ ಊಟ ಇಳಿಯುವುದಿಲ್ಲ. ಮೇಲಾಗಿ ಆ ಕೈ ಏನಂದಿತೆಂದು ತಿಳಿಯುವ ಚಪಲ ಈ ಮುದಿ ವಯಸ್ಸಿನಲ್ಲಿ ನನಗೂ ಇದೆ.

ಕಾಗದ ಆ ದಿನ ಕಳೆದ ಮೇಲೆ ಮುಟ್ಟಿದರೆ ಮಾಡುವುದಕ್ಕೇನೂ ಇಲ್ಲ. ಒಂದು ಮಾತು ನಂಬಿದರೆ ಸಾಕು. ನೀವು ಹೂಂ ಅಂದಿದ್ದಿರಿ. ಮೂರು ಸಲವೂ ಅಂದಿದ್ದಿರಿ. ನಾನು ಕಿವಿಯಾರೆ ಕೇಳಿದ್ದೇನೆ.

ಹೂಂ ಕೇಳದೆ ಮುಂದೆ ಹೇಳಬಾರದೆಂಬ ಆಯಿಯ ನಿಯಮವನ್ನು ನಾನು ಇಷ್ಟು ಹೊತ್ತು ಮುರಿದಿದ್ದೇನೆ. ನಿಮ್ಮ ಕಡೆಯಿಂದ ಏನೂ ಕೇಳಿಸುತ್ತಿಲ್ಲ. ನೀವು ಹೂಂ ಅನ್ನುತ್ತಿದ್ದೀರಿ, ಅದು ದಾರಿಯಲ್ಲಿ ಎಲ್ಲೋ ನಿಂತಿದೆ ಎಂದುಕೊಂಡು ಇಲ್ಲಿಯವರೆಗೆ ಬರೆದೆ.

ನಾಳೆ ದಾನವ್ವನಿಗೆ ಏಳು ತುಂಬುತ್ತದೆ. ಬೆಳಗಿನ ತಂಪಿನಲ್ಲಿ ಎಲ್ಲರೂ ಕೂಡುತ್ತಾರೆ. ಆಗಲೇ ಮೂರು ಸಲ ಬಂದು "ಅಮ್ಮಾ, ನೋಯ್ತದೇನು?" ಎಂದು ನನ್ನನ್ನು ಕೇಳಿ ಹೋಗಿದ್ದಾಳೆ. ಈ ಸಲ ಕಥೆಯನ್ನು ನಾನು ಹೇಳುವುದಿಲ್ಲ, ಆಯಿಯೇ ಹೇಳಲಿ ಎಂದು ಆಕೆಯ ದನಿಯನ್ನು ಹೊಂದಿಸಿ ಇಟ್ಟಿದ್ದೇನೆ. ಕಥೆ ಕೈಯ ಮಾತಿಗೆ ಬಂದು ನಿಂತಾಗ ಇಷ್ಟು ವರ್ಷ ನಾವೆಲ್ಲ ಹೂಂ ಅನ್ನುತ್ತಿದ್ದೆವಲ್ಲ, ನಾಳೆ ಯಾರೂ ಅನ್ನಬಾರದೆಂದು ಹೇಳಿದ್ದೇನೆ. ಆ ಹೊತ್ತಿಗೆ ನಿಮ್ಮ ಪೆಟ್ಟಿಗೆ ತೆರೆಯುತ್ತೇನೆ. ಜನರೇಟರಿನ ಸದ್ದೂ ಇರಲಿ, ಒರೆಸಿಲ್ಲ. ಆಯಿ ಮೂರು ಸಲ ಕೇಳುತ್ತಾಳೆ, ನೀವು ಮೂರು ಸಲ ಹೂಂ ಎನ್ನುತ್ತೀರಿ. ಹುಬ್ಬಳ್ಳಿಯಿಂದ ಹೊರಟ ಹೂಂ ಕೊನೆಗೂ ಮುದಗಲ್ಲಿಗೆ ಬಂದು ಮುಟ್ಟುತ್ತದೆ.

ನಿಮ್ಮ ಮನೆಯವಳೇ ಆದ
ಹಾಲವ್ವ